ಕ್ರಷರ್ ಡಸ್ಟ್‌ನಲ್ಲಿ ಹುರುಳಿ ಬೆಳೆದೆ

ರಾಬರ್ಟ್ ಹೈನ್‌ಲೈನ್ 1950ರಲ್ಲಿ ಬರೆದ ‘ಫಾರ್ಮರ್ ಇನ್ ದ ಸ್ಕೈ’ ಕಾದಂಬರಿಯಲ್ಲಿ ಬಿಲ್ ಅನ್ನುವ ಹುಡುಗ ಅಪ್ಪನ ಜೊತೆ ಗುರುಗ್ರಹದ ಉಪಗ್ರಹ ಗ್ಯಾನಿಮೀಡ್‌ಗೆ ಬೇಸಾಯಕ್ಕೆ ಹೋಗುತ್ತಾನೆ. ಜಮೀನೇನೋ ಸಿಗುತ್ತದೆ, ಆದರೆ ಪೂರ್ತಿ ಬಂಡೆ. ಬಂಡೆಯನ್ನು ಯಂತ್ರದಲ್ಲಿ ಪುಡಿ ಮಾಡಿ, ಜೀವ ಇರುವ ಮಣ್ಣು ಬೆರೆಸಿ ಹೊಲ ಮಾಡಬೇಕು. ರಾಕೆಟ್ ಪ್ರಯಾಣಕ್ಕಿಂತ ನನಗೆ ಹಿಡಿಸಿದ್ದು ಈ ಭಾಗ. ತಾರಸಿ ತೋಟದ ಹುಚ್ಚು ಇರುವವಳು ನಾನು, ಮಾಡಿಯೇ ನೋಡಿದೆ.

ಜಲ್ಲಿ ಕ್ರಷರ್‌ನಿಂದ ಗ್ರಾನೈಟ್ ಡಸ್ಟ್ ತಂದು ಎರಡು ಗ್ರೋ ಬ್ಯಾಗ್‌ಗೆ ತುಂಬಿದೆ. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ತರಗೆಲೆ ಮತ್ತು ಆಗಾಗ ಜೀವಾಮೃತ ಅನ್ನುವ ದ್ರವ ಗೊಬ್ಬರ. ಅದರ ಲೆಕ್ಕ ಗೊತ್ತಲ್ವಾ? 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನಾನು ಬಕೆಟ್ಟಿಗೆ ತಕ್ಕಂತೆ ಇಳಿಸಿಕೊಂಡೆ. ಆ ಒಂದು ಹಿಡಿ ಮಣ್ಣಿದೆಯಲ್ಲ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಬಿಲ್ ತನ್ನ ಕಲ್ಲುಪುಡಿಗೆ ಬೆರೆಸುವ ಮಣ್ಣಿಗೂ ಇದೇ ಕೆಲಸ.

ಡಸ್ಟ್ ನೀರು ಕುಡಿದು ಗಟ್ಟಿಯಾಗಿಬಿಡುತ್ತದೆ, ಆಮೇಲೆ ನೀರೆಲ್ಲ ಮೇಲೇ ನಿಲ್ಲುತ್ತದೆ. ತರಗೆಲೆ ಜಾಸ್ತಿ ಹಾಕಿದ್ದು ಅದಕ್ಕೇ. ಮಳೆಗಾಲ ಪೂರ್ತಿ ಹಾಗೇ ಬಿಟ್ಟು, ಆಮೇಲೆ ಹುರುಳಿ ಬಿತ್ತಿದೆ.

ಎರಡರಲ್ಲೂ ಮೊಳಕೆ ಬಂತು. ಮೊಳೆಯುವಷ್ಟು ಆಹಾರ ಬೀಜದೊಳಗೇ ಇರುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಆಮೇಲೆ ಬರೀ ನೀರು ಕುಡಿದದ್ದು ಹಳದಿಯಾಗಿ ಗೇಣುದ್ದಕ್ಕೇ ನಿಂತಿತು. ಇನ್ನೊಂದು ಹೂ ಬಿಟ್ಟಿತು. ಅದರ ಒಂದು ಗಿಡ ಕಿತ್ತು ಬೇರು ತೊಳೆದೆ. ಸಾಸಿವೆ ಗಾತ್ರದ ಗಂಟುಗಳು. ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು! ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ.

2022ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಅಪೋಲೋ 11, 12, 17 ಯಾನಗಳು ತಂದ ಚಂದ್ರನ ಮಣ್ಣಲ್ಲಿ ಅರಾಬಿಡಾಪ್ಸಿಸ್ ಅನ್ನುವ ಸಾಸಿವೆ ಕುಟುಂಬದ ಪುಟ್ಟ ಗಿಡ ಬೆಳೆಸಿದರು. ಅಲ್ಲೂ ಬೀಜ ಚೆನ್ನಾಗಿಯೇ ಮೊಳೆಯಿತು. ಪೋಷಕಾಂಶ ಕೊಟ್ಟರೂ ಗಿಡಗಳು ಮಾತ್ರ ಸೊರಗಿದವು.

ಗ್ಯಾನಿಮೀಡ್ ವಿಷಯದಲ್ಲಿ ಕಾದಂಬರಿ ಹಳತಾಗಿದೆ ನಿಜ. ಅಲ್ಲಿ ಮಂಜುಗಡ್ಡೆ, ಸುಮಾರು ಮೈನಸ್ 160 ಡಿಗ್ರಿ ಚಳಿ, ಸಾಲದ್ದಕ್ಕೆ ಗುರುಗ್ರಹದ ವಿಕಿರಣ. ಕೊನೆಯಲ್ಲಿ ಬರುವ ಅನ್ಯಜೀವಿಗಳ ಯಂತ್ರದ ಪ್ರಸಂಗವಂತೂ ಸುಮ್ನೆ ತುರುಕಿದ್ದು ಅನಿಸಿತು. ಮಣ್ಣು ಮಾಡುವ ಪುಟಗಳನ್ನು ಮಾತ್ರ ಮತ್ತೆ ಮತ್ತೆ ತಿರುವಿದ್ದೇನೆ.

ಹುರುಳಿ ಬಿಡಿಸಿಕೊಂಡು ಗಿಡವನ್ನು ಅದೇ ಚೀಲಕ್ಕೆ ಮಗುಚಿ ಹಾಕಿದ್ದೇನೆ. ಮುಂದೆ ಮೆಂತ್ಯ. ಅದು ಬಂದರೆ ಬದನೆ ಸಸಿ ನೆಡುತ್ತೇನೆ.