ಕಾಟ್ಸ್‌ವೋಲ್ಡ್ಸ್‌ನ ಸಣ್ಣ ಊರುಗಳು: ನಾನು ನಡೆದು ನೋಡಿದ್ದು

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಎಂಬ ಗುಡ್ಡಗಳ ಸೀಮೆಗೆ ಹೋಗುವ ಬಹಳಷ್ಟು ಜನ ಬೆಳಗ್ಗೆ ಲಂಡನ್‌ನಲ್ಲಿ ಟೂರ್ ಬಸ್ಸು ಹತ್ತುತ್ತಾರೆ. ನಾಲ್ಕೈದು ಊರಲ್ಲಿ ಇಳಿದು ಫೋಟೋ ತೆಗೆದು ರಾತ್ರಿಗೆ ವಾಪಸ್. ನಾನು ಒಂದೇ ಊರಲ್ಲಿ ರೂಮು ಹಿಡಿದು, ಅಲ್ಲಿಂದ ಬಸ್ಸು ಮತ್ತು ಕಾಲುದಾರಿ ನಂಬಿಕೊಂಡು ಓಡಾಡಿದೆ. ಕಾರು ಇರಲಿಲ್ಲ, ಬೇಕು ಅಂತಲೂ ಅನಿಸಲಿಲ್ಲ. ಇಲ್ಲಿ ಊರು ಎಷ್ಟು ಮುಖ್ಯವೋ, ಎರಡು ಊರುಗಳ ನಡುವಿನ ಕುರಿ ಮೇಯುವ ಗುಡ್ಡವೂ ಅಷ್ಟೇ ಮುಖ್ಯ. ಆ ಗುಡ್ಡ ದಾಟಿ ಬಂದರೆ ಮಾತ್ರ ಊರು ಯಾಕೆ ಹಾಗಿದೆ ಅಂತ ಗೊತ್ತಾಗುತ್ತದೆ.

ನಾನು ಉಳಿದುಕೊಂಡದ್ದು ಮೋರ್ಟನ್-ಇನ್-ಮಾರ್ಷ್‌ನಲ್ಲಿ. ಲಂಡನ್‌ನ ಪ್ಯಾಡಿಂಗ್ಟನ್ ನಿಲ್ದಾಣದಿಂದ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆಯ ದಾರಿ. ನೋಡಲು ಇದಕ್ಕಿಂತ ಚೆಂದದ ಊರುಗಳು ಸುತ್ತ ಬೇಕಾದಷ್ಟಿವೆ. ಆದರೆ ರೈಲು, ಬಸ್ಸು ಎರಡೂ ಸಿಗುವುದು ಇಲ್ಲಿ. ಊರ ನಡುವಿನ ಅಗಲವಾದ ಬೀದಿ ರೋಮನ್ನರ ಕಾಲದ ಫಾಸ್ ವೇ ರಸ್ತೆಯ ಭಾಗ. ಮಂಗಳವಾರ ಅಲ್ಲೇ ಸಂತೆ.

801ನೇ ನಂಬರಿನ ಬಸ್ಸು ಇಲ್ಲಿಂದ ಸ್ಟೋ-ಆನ್-ದ-ವೋಲ್ಡ್, ಬೋರ್ಟನ್-ಆನ್-ದ-ವಾಟರ್ ಮೂಲಕ ಚೆಲ್ಟನ್‌ಹ್ಯಾಮ್‌ಗೆ ಹೋಗುತ್ತದೆ. ನನ್ನ ಓಡಾಟಕ್ಕೆಲ್ಲ ಅದೇ ಆಧಾರ. ಭಾನುವಾರ ಬಸ್ಸು ಕಡಿಮೆ, ಸಂಜೆಯ ಕೊನೆಯ ಬಸ್ಸೂ ಬೇಗ ಹೋಗಿಬಿಡುತ್ತದೆ. ಹಾಗಾಗಿ ವಾಪಸ್ ಬಸ್ಸಿನ ಸಮಯ ಮೊದಲು ನೋಡಿ, ಆಮೇಲೆ ಎಷ್ಟು ನಡೆಯಬೇಕು ಅಂತ ತೀರ್ಮಾನಿಸುತ್ತಿದ್ದೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಓಎಲ್45 ನಕ್ಷೆ ಕೈಯಲ್ಲಿತ್ತು. ಒಂದೊಂದು ಹೊಲದ ಗಡಿಯೂ ಅದರಲ್ಲಿ ಕಾಣುತ್ತದೆ. ಇಳಿಜಾರಿನ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಸಿಗದಿದ್ದಾಗ ಕಾಗದದ ನಕ್ಷೆಯೇ ಗತಿ.

ಸ್ಟೋ ಇರುವುದು ಗುಡ್ಡದ ನೆತ್ತಿಯ ಮೇಲೆ, ಸುಮಾರು 240 ಮೀಟರ್ ಎತ್ತರದಲ್ಲಿ. ಗಾಳಿ ಜೋರು. ಚೌಕ ಮಾತ್ರ ತುಂಬಾ ದೊಡ್ಡದು, ಅದಕ್ಕೆ ಬಂದು ಸೇರುವ ಓಣಿಗಳು ತೀರಾ ಕಿರಿದು. ಸಂತೆಗೆ ಬರುವ ಕುರಿಗಳನ್ನು ಆ ಓಣಿಗಳಲ್ಲಿ ನುಗ್ಗಿಸಿ ಚೌಕಕ್ಕೆ ತರುತ್ತಿದ್ದರಂತೆ. ಚೌಕ ಆ ಅಳತೆಯಲ್ಲಿ ಇರುವುದೇ ಕುರಿಗಳಿಂದಾಗಿ.

ಇಲ್ಲಿನ ಎಲ್ಲ ಕಥೆಯೂ ಕೊನೆಗೆ ಉಣ್ಣೆಗೇ ಬಂದು ನಿಲ್ಲುತ್ತದೆ. ಉದ್ದ ಉಣ್ಣೆಯ ಕಾಟ್ಸ್‌ವೋಲ್ಡ್ ಕುರಿಯಿಂದ ಮಧ್ಯಯುಗದಲ್ಲಿ ಈ ಸೀಮೆಗೆ ಅಪಾರ ಹಣ ಬಂತು. ವ್ಯಾಪಾರಿಗಳು ದೊಡ್ಡ ದೊಡ್ಡ ಚರ್ಚು ಕಟ್ಟಿಸಿದರು. ನಾರ್ತ್‌ಲೀಚ್‌ನ ಚರ್ಚಿನಲ್ಲಿ ನೆಲದ ಮೇಲಿನ ಹಿತ್ತಾಳೆ ಫಲಕಗಳನ್ನು ನೋಡಲೇಬೇಕು. ಸತ್ತ ವ್ಯಾಪಾರಿಯ ಚಿತ್ರ, ಅವನ ಕಾಲಿನ ಕೆಳಗೆ ಕುರಿ, ಉಣ್ಣೆಯ ಮೂಟೆ. ತನ್ನ ಸಂಪತ್ತು ಎಲ್ಲಿಂದ ಬಂತು ಅಂತ ಸಮಾಧಿಯ ಮೇಲೆ ಇಷ್ಟು ನೇರವಾಗಿ ಬರೆಸಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಉಣ್ಣೆ ವ್ಯಾಪಾರ ಕುಸಿಯಿತು. ಆವಿ ಯಂತ್ರದ ಕಾಲದಲ್ಲಿ ಬಟ್ಟೆ ಗಿರಣಿಗಳು ಉತ್ತರದ ಯಾರ್ಕ್‌ಷೈರ್‌ನಲ್ಲಿ ಬೆಳೆದವು. ಇಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಇವತ್ತು ನಾವು ಚೆಂದ ಅಂತ ನೋಡುವುದರಲ್ಲಿ ಆ ಬಡತನದ ಪಾಲೂ ಇದೆ.

ನಡಿಗೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಬೋರ್ಟನ್‌ನಿಂದ ಲೋಯರ್ ಸ್ಲಾಟರ್ ದಾಟಿ ಅಪ್ಪರ್ ಸ್ಲಾಟರ್ ಮುಟ್ಟುವ ದಾರಿ. ಬೋರ್ಟನ್‌ನಲ್ಲಿ ವಿಂಡ್‌ರಷ್ ನದಿ, ಅದರ ಮೇಲೆ ತಗ್ಗಾದ ಕಲ್ಲುಸೇತುವೆಗಳು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲುದಾರಿ ಹಿಡಿದು ಸ್ವಲ್ಪ ಹೊತ್ತು ನಡೆದರೆ ಸಾಕು, ಗದ್ದಲ ಹಿಂದೆ ಉಳಿಯುತ್ತದೆ. ದಾರಿ ಹೋಗುವುದು ಖಾಸಗಿ ಹೊಲಗಳ ನಡುವೆ. ಆದರೂ ನಡೆಯುವ ಹಕ್ಕು ಎಲ್ಲರಿಗೂ ಕಾನೂನಿನಲ್ಲೇ ಇದೆ. ಹಳದಿ ಬಾಣದ ಗುರುತು ಇದ್ದರೆ ಅದು ನಡೆಯುವವರ ದಾರಿ. ನಾವು ತೆರೆದ ಗೇಟನ್ನು ಮತ್ತೆ ಮುಚ್ಚಿ ಹೋಗುವುದು ನಮ್ಮ ಜವಾಬ್ದಾರಿ. ಮಳೆ ಬಂದ ಮಾರನೇ ದಿನ ಕೆಸರು ಜಾಸ್ತಿ, ಗಟ್ಟಿ ಬೂಟು ಇರಲಿ.

ಲೋಯರ್ ಸ್ಲಾಟರ್‌ನಲ್ಲಿ ಹಳೆಯ ಹಿಟ್ಟಿನ ಗಿರಣಿ ಇದೆ, ನೀರಿನ ಚಕ್ರ ಇಂದಿಗೂ ಗೋಡೆಗೆ ಆನಿಕೊಂಡಿದೆ. ಅಲ್ಲಿಂದ ಒಂದು ಮೈಲಿ ನಡೆದರೆ ಅಪ್ಪರ್ ಸ್ಲಾಟರ್. ಎರಡೂ ಮಹಾಯುದ್ಧಗಳಿಗೆ ಹೋದ ಈ ಊರಿನ ಸೈನಿಕರೆಲ್ಲ ಜೀವಂತವಾಗಿ ಮರಳಿದರು. ಇಂಗ್ಲೆಂಡಿನ ಬಹುತೇಕ ಹಳ್ಳಿಗಳಲ್ಲಿ ಸತ್ತವರ ಹೆಸರಿನ ಕಲ್ಲು ಕಂಡು ಬಂದವರಿಗೆ ಇದು ಎಂಥ ಮಾತು ಅಂತ ತಿಳಿಯುತ್ತದೆ.

ನಡೆಯುವಾಗ ಕಲ್ಲಿನ ಕಡೆ ಗಮನ ಕೊಡಿ. ಮನೆ, ಚರ್ಚು, ಗಾರೆ ಇಲ್ಲದೆ ಪೇರಿಸಿದ ಹೊಲದ ಗೋಡೆ, ಎಲ್ಲವೂ ಒಂದೇ ಸುಣ್ಣದ ಕಲ್ಲು. ಉತ್ತರದ ಕಡೆ ಕಬ್ಬಿಣದ ಅಂಶದಿಂದ ಜೇನಿನ ಬಣ್ಣ, ದಕ್ಷಿಣಕ್ಕೆ ಬಾತ್ ನಗರದ ಕಡೆ ಹೋದಂತೆ ಬಿಳಿಚಿಕೊಳ್ಳುತ್ತದೆ. ಛಾವಣಿಗೂ ಕಲ್ಲಿನ ಬಿಲ್ಲೆಗಳೇ: ಅಂಚಿನಲ್ಲಿ ದೊಡ್ಡವು, ಮೇಲಕ್ಕೆ ಹೋದಂತೆ ಚಿಕ್ಕವು. ಮಳೆನೀರು ಬೇಗ ಇಳಿಯಲಿ ಅಂತ ಇಳಿಜಾರು ತುಂಬಾ ಕಡಿದಾಗಿರುತ್ತದೆ.

ಒಂದೇ ಊರಿಗೆ ಸಮಯ ಇದೆ ಅಂದರೆ ನಾನು ಹೇಳುವುದು ಚಿಪ್ಪಿಂಗ್ ಕ್ಯಾಂಪ್ಡನ್. ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವೆಲ್‌ನ 14ನೇ ಶತಮಾನದ ಮನೆ ಬೀದಿಯಲ್ಲೇ ಇದೆ. 1627ರಲ್ಲಿ ಬೆಣ್ಣೆ, ಚೀಸ್, ಕೋಳಿ ಮಾರುವವರಿಗೆ ನೆರಳಾಗಲಿ ಅಂತ ಕಟ್ಟಿದ ಮಾರ್ಕೆಟ್ ಹಾಲ್ ಒಳಗೆ ಈಗಲೂ ಹೋಗಿ ನಿಲ್ಲಬಹುದು. ನೆಲದ ಕಲ್ಲು ಸವೆದು ಏರುಪೇರಾಗಿದೆ. 1902ರಲ್ಲಿ ವಿನ್ಯಾಸಕಾರ ಸಿ. ಆರ್. ಆಶ್ಬೀ ಲಂಡನ್‌ನಿಂದ ತನ್ನ ಕುಶಲಕರ್ಮಿಗಳನ್ನು ಕರೆತಂದು ಇಲ್ಲೇ ನೆಲೆಸಿದ. ಅವರು ಕೆಲಸ ಮಾಡಿದ ಹಳೆಯ ರೇಷ್ಮೆ ಗಿರಣಿಯಲ್ಲಿ ಬೆಳ್ಳಿ ಕೆಲಸ ಇಂದಿಗೂ ನಡೆಯುತ್ತಿದೆ. 164 ಕಿಲೋಮೀಟರ್ ಉದ್ದದ ಕಾಟ್ಸ್‌ವೋಲ್ಡ್ ವೇ ಕಾಲುದಾರಿ ಶುರುವಾಗುವುದೂ ಈ ಊರಿಂದಲೇ.

ಬೈಬರಿ ಎಂಬ ಹಳ್ಳಿಯ ಬಗ್ಗೆ ಒಂದು ಮಾತು. ಆರ್ಲಿಂಗ್ಟನ್ ರೋ ಎಂಬ ಮನೆಗಳ ಸಾಲನ್ನು ಎಲ್ಲರೂ ಫೋಟೋದಲ್ಲಿ ನೋಡಿರುತ್ತಾರೆ. 1380ರ ಸುಮಾರಿಗೆ ಉಣ್ಣೆಯ ಉಗ್ರಾಣವಾಗಿದ್ದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದ ಕಟ್ಟಡ ಅದು. ಅಲ್ಲಿ ಈಗಲೂ ಜನ ವಾಸ ಮಾಡುತ್ತಾರೆ. ಕಿಟಕಿಗೆ ಮುಖ ಒತ್ತಿ ಇಣುಕುವುದು, ಹೂದೋಟಕ್ಕೆ ನುಗ್ಗುವುದು ಖಂಡಿತ ಬೇಡ. ಟೂರ್ ಬಸ್ಸುಗಳು ಹೊರಟ ಮೇಲೆ, ಸಂಜೆ ಐದರ ನಂತರ ನೋಡಿದರೆ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆದರೆ ಆ ಹೊತ್ತಿಗೆ ವಾಪಸ್ ಬಸ್ಸು ನಂಬಬೇಡಿ, ಹತ್ತಿರದಲ್ಲೇ ರೂಮು ಮಾಡಿಕೊಳ್ಳಿ.