ಜ್ವರದ ಕನಸಿಗೆ ಒಂದು ದಬ್ಬಣ

2021ರ ಮೇ ತಿಂಗಳಿನಲ್ಲಿ ಕೋವಿಡ್ ಆದಾಗ ನಾನು ಮಾಳಿಗೆಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದೆ. ಕಲಬುರಗಿಯ ಬೇಸಿಗೆ, ತಲೆಯ ಮೇಲೆ ತಗಡು, ಮೈಯೊಳಗೆ ಜ್ವರ. ಮೂರನೆಯ ರಾತ್ರಿಯಿಂದ ಒಂದು ಕನಸು ಮತ್ತೆ ಮತ್ತೆ. ನಾನು ಗುಮಾಸ್ತನಾಗಿರುವ ದಾಲ್ ಮಿಲ್ಲಿನಲ್ಲಿ ತೊಗರಿಯ ಗೋಣಿಗೆ ತೂತು ಬಿದ್ದಿದೆ. ಕಾಳು ಸುರಿಯುತ್ತಲೇ ಇದೆ, ಗೋಣಿ ಬರಿದಾಗುವುದಿಲ್ಲ. ಕಾಳು ಮೊಣಕಾಲು ದಾಟಿ ಎದೆಗೇರುತ್ತದೆ, ಹಮಾಲರು ಸುಮ್ಮನೆ ನಿಂತು ನೋಡುತ್ತಾರೆ. ಉಸಿರು ಕಟ್ಟಿ ಎದ್ದರೆ ಗಡಿಯಾರದಲ್ಲಿ ನಾಲ್ಕು ಗಂಟೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಊರಿನವರದೇ ಆಗಿತ್ತು. ಹೆದರುವುದನ್ನು ನಾವು ಉಳಿದವರಿಗಿಂತ ಮೊದಲೇ ಕಲಿತಿದ್ದೆವು.

ಇಂಥ ಜ್ವರದ ಕನಸುಗಳ ಬಗ್ಗೆ ವೈದ್ಯರಿಂದ ಕೇಳಿದ್ದು, ನಾನೇ ಮಾಡಿ ನೋಡಿದ್ದು ಎರಡನ್ನೂ ಇಲ್ಲಿ ಬರೆಯುತ್ತೇನೆ. ಫ್ಲೂ ಜ್ವರದಲ್ಲಿ ಮಲಗಿದವರಿಗೂ ಇದರಲ್ಲಿ ಬಹುಪಾಲು ಒಪ್ಪುತ್ತದೆ.

ಉಸಿರು ಕಟ್ಟಿ ಎದ್ದಾಗ ಕನಸಿನ ಬಗ್ಗೆ ಯೋಚಿಸುವ ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿ. ರಕ್ತದ ಆಮ್ಲಜನಕ ಶೇಕಡಾ 94ಕ್ಕಿಂತ ಕೆಳಗೇ ನಿಂತರೆ ಅದು ಕನಸಿನ ಮಾತಲ್ಲ, ವೈದ್ಯರಿಗೆ ಫೋನ್ ಮಾಡಿ. ಹಾಗೆಯೇ ಎಚ್ಚರವಿದ್ದಾಗಲೇ ರೋಗಿ ಇಲ್ಲದವರೊಡನೆ ಮಾತನಾಡುತ್ತಿದ್ದರೆ, ಮನೆಯವರ ಗುರುತು ತಪ್ಪಿದರೆ ಅದು ಸನ್ನಿ. ಬೆಳಗಾಗಲಿ ಎಂದು ಕಾಯಬೇಡಿ. ಪಕ್ಕದ ಮನೆಯವರು ಪ್ರೀತಿಯಿಂದ ಕೊಡುವ ನಿದ್ರೆ ಮಾತ್ರೆಯನ್ನು ಮುಟ್ಟಬೇಡಿ. ಶ್ವಾಸಕೋಶ ಸೋತಿರುವಾಗ ಅಂಥ ಕೆಲವು ಮಾತ್ರೆಗಳು ಉಸಿರಾಟವನ್ನು ಇನ್ನಷ್ಟು ನಿಧಾನಗೊಳಿಸುತ್ತವೆ.

ಇಷ್ಟೊಂದು ಕನಸು ಏಕೆ? ನಿದ್ರೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಕಣ್ಣುಗುಡ್ಡೆ ಓಡಾಡುವ, ಕನಸು ದಟ್ಟವಾಗಿರುವ ಹಂತ ರಾತ್ರಿಯ ಕೊನೆಯ ಸುತ್ತುಗಳಲ್ಲಿ ಉದ್ದವಾಗುತ್ತದೆ. ಆರೋಗ್ಯವಿದ್ದಾಗ ನಾವು ಅದನ್ನು ದಾಟಿಕೊಂಡು ಬೆಳಗಿಗೆ ಬರುತ್ತೇವೆ, ಕಂಡದ್ದೆಲ್ಲ ಮರೆತುಹೋಗುತ್ತದೆ. ಜ್ವರ, ಕೆಮ್ಮು, ಬೆವರು ಅದರ ನಡುವೆಯೇ ಎಬ್ಬಿಸುತ್ತವೆ, ಆಗ ಕನಸು ಹಸಿಯಾಗಿ ಕೈಗೆ ಸಿಗುತ್ತದೆ. ನನ್ನ ನಾಲ್ಕು ಗಂಟೆಯ ಲೆಕ್ಕ ಇದೇ. ಅವ್ವ ಮಾತ್ರ ದೃಷ್ಟಿ ಎಂದಳು. ಮೆಟ್ಟಿಲ ಬುಡದಲ್ಲಿ ಮೆಣಸಿನಕಾಯಿ ಸುಟ್ಟು, "ವಾಸನೆ ಬರುತ್ತದೆಯೇ?" ಎಂದು ಕೂಗಿ ಕೇಳಿದಳು. ಇಲ್ಲ ಎಂದೆ. ಭಾರೀ ದೃಷ್ಟಿಯೇ ಆಗಿದೆ ಎಂದು ಅವಳಿಗೆ ಖಾತ್ರಿಯಾಯಿತು. ಕೋವಿಡ್ ನನ್ನ ಮೂಗನ್ನು ಕಿತ್ತುಕೊಂಡು ಆಗಲೇ ನಾಲ್ಕು ದಿನವಾಗಿತ್ತು.

ಮಾಡಬೇಕಾದ ಸಣ್ಣಪುಟ್ಟವು ಇವು: ವೈದ್ಯರು ಸ್ಟೀರಾಯ್ಡ್ ಬರೆದಿದ್ದರೆ ಬೆಳಗಿನ ಊಟದೊಂದಿಗೆ ತೆಗೆದುಕೊಳ್ಳಬಹುದೇ ಎಂದು ಕೇಳಿ, ರಾತ್ರಿ ನುಂಗಿದರೆ ಅದು ಮಲಗಲು ಬಿಡುವುದಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಚಹಾ ಬೇಡ. ತಗಡಿನ ಕೋಣೆಯಾದರೆ ಸಂಜೆ ನೆಲಕ್ಕೆ ನೀರು ಹೊಡೆದು ಕಿಟಕಿ ತೆರೆಯಿರಿ. ಕೌದಿಯನ್ನು ತೆಳ್ಳಗಿನ ಚಾದರಕ್ಕೆ ಬದಲಿಸಿ. ಎದ್ದ ಮೇಲೆ ಮತ್ತೆ ನಿದ್ರೆ ಹತ್ತದಿದ್ದರೆ ಹೊರಸಿನ ಮೇಲೆ ಹೊರಳಾಡಬೇಡಿ, ಕುರ್ಚಿಯಲ್ಲಿ ಕುಳಿತು ಕಣ್ಣು ಎಳೆಯುವಾಗ ಹಿಂದಿರುಗಿ. ಮೊಬೈಲ್ ಕೆಳಗಿನ ಮನೆಯಲ್ಲಿರಲಿ ಎನ್ನುತ್ತಿದ್ದೆ, ಆದರೆ ಒಬ್ಬರೇ ಇರುವ ರೋಗಿಯ ಕೈಯಲ್ಲಿ ಫೋನ್ ಇರಲೇಬೇಕು. ಸಾವಿನ ಸುದ್ದಿ ಬರುವ ಗುಂಪುಗಳನ್ನು ಮುಚ್ಚಿದರೆ ಸಾಕು.

ಇನ್ನು ಮುಖ್ಯವಾದದ್ದು. ಜ್ವರ ಇಳಿದರೂ ಗೋಣಿಯ ಕನಸು ಇಳಿಯಲಿಲ್ಲ. ಅದಕ್ಕೆ ಹಗಲಿನಲ್ಲಿ ಮಾಡುವ ಒಂದು ಅಭ್ಯಾಸವಿದೆ, ದುಃಸ್ವಪ್ನಕ್ಕೆ ಮನೋವೈದ್ಯರು ಹೇಳಿಕೊಡುವಂಥದ್ದು. ಕನಸನ್ನು ಬರೆಯಬೇಕು, ಅದನ್ನು ನಿಮಗೆ ಬೇಕಾದಂತೆ ತಿದ್ದಬೇಕು, ತಿದ್ದಿದ್ದನ್ನು ಮಾತ್ರ ದಿನಕ್ಕೆ ಹತ್ತು ಇಪ್ಪತ್ತು ನಿಮಿಷ ಕಣ್ಣ ಮುಂದೆ ತಂದುಕೊಳ್ಳಬೇಕು. ನಾನು ಹಳೆಯ ಖಿರ್ದಿ ಪುಸ್ತಕ ತೆಗೆದೆ. ಎಡಕ್ಕೆ ಬಂದ ಕನಸು, ಬಲಕ್ಕೆ ತಿದ್ದಿದ ಕನಸು. ತಿದ್ದುಪಡಿ ಭವ್ಯವಾಗಿರಬೇಕಿಲ್ಲ. ಕಾಳು ಸುರಿಯುವಾಗ ನಾನು ಹಮಾಲನ ಕೈಯಿಂದ ದಬ್ಬಣ ತೆಗೆದುಕೊಳ್ಳುತ್ತೇನೆ, ಸುತಳಿ ಪೋಣಿಸುತ್ತೇನೆ, ಏಳು ಹೊಲಿಗೆ ಹಾಕುತ್ತೇನೆ, ಗೋಣಿಯನ್ನು ತಕ್ಕಡಿಗೆ ಇಡುತ್ತೇನೆ. ಸುತಳಿಯ ಒರಟುತನ ಬೆರಳಿಗೆ ತಾಗುವವರೆಗೆ ಕಲ್ಪಿಸಿಕೊಳ್ಳಬೇಕು. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಇದನ್ನು ಮಾಡುತ್ತಿದ್ದೆ, ಮಲಗುವ ಹೊತ್ತಿಗಲ್ಲ. ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರದ ಒಂದು ರಾತ್ರಿ ಕನಸಿನಲ್ಲಿ ದಬ್ಬಣ ಇತ್ತು, ಸುತಳಿ ಇರಲಿಲ್ಲ. ಅದಕ್ಕೇ ನಗು ಬಂದು ಎಚ್ಚರವಾಯಿತು.

ನನ್ನ ತಪ್ಪನ್ನೂ ಹೇಳಬೇಕು. ಈ ಅಭ್ಯಾಸದ ಮೊದಲ ದಿನವೇ ಎಲ್ಲಕ್ಕಿಂತ ಭಾರವಾದ ಕನಸನ್ನು ಎತ್ತಿಕೊಂಡಿದ್ದೆ. ಪಕ್ಕದ ಮೇಜಿನ ಗುಮಾಸ್ತ ಅದೇ ವಾರ ತೀರಿಕೊಂಡಿದ್ದರು, ಕನಸಿನಲ್ಲಿ ಬಂದು "ನಡೆಯಿರಿ, ಚಹಾ ಕುಡಿದು ಬರೋಣ" ಎನ್ನುತ್ತಿದ್ದರು. ಬರೆಯಲು ಕುಳಿತವನು ದಿನವಿಡೀ ಅತ್ತೆ. ಹಗುರವಾದ ಕನಸಿನಿಂದಲೇ ಆರಂಭಿಸಿ. ವಾರಗಟ್ಟಲೆ ನಿದ್ರೆಗೆ ಹೆದರುವಂತಾದರೆ, ನಿದ್ರೆಯಲ್ಲೇ ಕೈಕಾಲು ಬೀಸಿ ಪಕ್ಕದವರಿಗೆ ಹೊಡೆಯುವಂತಾದರೆ ವೈದ್ಯರನ್ನು ಕಾಣಿ. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಹೊಸ ತೊಗರಿ ಬಂದು ಮಿಲ್ಲಿನಲ್ಲಿ ಗದ್ದಲವಾದಾಗ ಗೋಣಿ ಈಗಲೂ ಒಮ್ಮೊಮ್ಮೆ ಹರಿಯುತ್ತದೆ, ಹೊಲಿಯುತ್ತೇನೆ. ಚಹಾದ ಕನಸನ್ನು ಮಾತ್ರ ತಿದ್ದಿಲ್ಲ. ಸತ್ತವರು ಕರೆದರೆ ಹೋಗಬಾರದು ಎಂದು ಅವ್ವ ಹೇಳಿದ್ದಾಳೆ. "ಲೆಕ್ಕ ಮುಗಿಸಿ ಬರುತ್ತೇನೆ, ನೀವು ನಡೆಯಿರಿ" ಎನ್ನುತ್ತೇನೆ. ಅವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.