ಬೋರ್ಡೋ ಕೆಡುವುದು ಡ್ರಮ್ಮಿನ ತಳದಲ್ಲಿ

ಮುಂಗಾರು ಹಿಡಿಯುವ ಮೊದಲು ಕೊಡಗಿನ ತೋಟಗಳಲ್ಲಿ ಬೋರ್ಡೋ ಹೊಡೆಯುವ ಗಡಿಬಿಡಿ. ಮೈಲುತುತ್ತ ಎಂಬ ತಾಮ್ರದ ನೀಲಿ ಹರಳನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ ಶಿಲೀಂಧ್ರನಾಶಕ ಇದು. ಆಮೇಲೆ ಮೆಣಸಿನ ಬಳ್ಳಿ ಸೊರಗಿದರೆ, ಕಾಫಿಗೆ ಕೊಳೆರೋಗ ಬಂದರೆ ಬೈಗುಳವೆಲ್ಲ ಮೈಲುತುತ್ತ ಮಾರಿದ ಅಂಗಡಿಗೆ. ಡ್ರಮ್ಮು ಬಗ್ಗಿಸಿ ನೋಡಿದವರು ಕಡಿಮೆ. ಎಷ್ಟೋ ಕಡೆ ಔಷಧಿ ಹೊಡೆದು ಮುಗಿದ ಮೇಲೂ ನೀಲಿ ಹರಳು ತಳದಲ್ಲಿ ಹಾಗೇ ಕೂತಿರುತ್ತದೆ.

ಅಳತೆ ಸುಲಭ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಟ್ಟ ಸುಣ್ಣ. ಕಾಫಿಯ ಎಲೆ ತುಕ್ಕಿಗಾದರೆ ಎರಡೂ ಅರ್ಧರ್ಧ ಕೆ.ಜಿ. ಸಾಕು. ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ಕಬ್ಬಿಣದ್ದರಲ್ಲಿ, ಜಿಂಕ್ ಬಕೆಟ್ಟಿನಲ್ಲಿ ಕದಡಿದರೆ ತಾಮ್ರ ಪಾತ್ರೆಯ ಮೈಗೆ ಹತ್ತಿಕೊಳ್ಳುತ್ತದೆ, ಬಳ್ಳಿಗೆ ಸಿಗುವುದಿಲ್ಲ.

ಈಗ ಮೈಲುತುತ್ತ ಕರಗಿಸುವ ಕೆಲಸ. ಹೆಚ್ಚಿನವರು ಹರಳನ್ನು ಡ್ರಮ್ಮಿಗೆ ಸುರಿದು, ಕೋಲಿನಿಂದ ನಾಲ್ಕು ಸುತ್ತು ತಿರುಗಿಸಿ, ನೀರು ನೀಲಿಯಾಯಿತು ಎಂದು ಮುಂದೆ ಹೋಗುತ್ತಾರೆ. ನೀರಿಗೆ ಬಣ್ಣ ಬರಲು ಚಿಟಿಕೆಯಷ್ಟು ಕರಗಿದರೂ ಸಾಕು. ‘ನೀರು ಹಿಡಿಯುತ್ತಿಲ್ಲ’ ಎಂದು ಇನ್ನೊಂದು ಕೊಡ ಸುರಿಯುವವರೂ ಇದ್ದಾರೆ. ನೀರಿನಲ್ಲಿ ಜಾಗಕ್ಕೆ ಕೊರತೆಯಿಲ್ಲ: 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 300 ಗ್ರಾಂ ಮೈಲುತುತ್ತ ಹಿಡಿದುಕೊಳ್ಳುತ್ತದೆ, ಒಂದು ಕೆ.ಜಿ.ಯನ್ನು ಮೊದಲು ಅರ್ಧ ನೀರಿನಲ್ಲಿ, ಅಂದರೆ 50 ಲೀಟರಿನಲ್ಲಿ ಕರಗಿಸುವಾಗ ನಾವು ಕೊಡುತ್ತಿರುವುದು ಲೀಟರಿಗೆ 20 ಗ್ರಾಂ. ತೊಂದರೆ ಇರುವುದು ವೇಗದಲ್ಲಿ. ಕರಗಿದ ಮೈಲುತುತ್ತದ ನೀರು ಬರಿ ನೀರಿಗಿಂತ ಭಾರ. ಅದು ತಳದಲ್ಲೇ ನಿಂತು ಹರಳನ್ನು ಮುಚ್ಚುತ್ತದೆ, ಹೊಸ ನೀರು ಹತ್ತಿರ ಬರುವುದಿಲ್ಲ. ಕದಡದೆ ಕುಡಿದ ಬೆಲ್ಲದ ಕಾಫಿಯ ಕೊನೆಯ ಗುಟುಕು ನೆನಪಿಸಿಕೊಳ್ಳಿ.

ಅದಕ್ಕೆ ಹರಳನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಅರ್ಧ ಮುಳುಗುವಂತೆ ತೂಗುಹಾಕಿ. ಕರಗಿದ್ದು ನೀಲಿ ಎಳೆಯಾಗಿ ಕೆಳಗಿಳಿಯುತ್ತದೆ, ಆ ಜಾಗಕ್ಕೆ ತಿಳಿನೀರು ತಾನೇ ಬರುತ್ತದೆ. ಸಂಜೆ ಕಟ್ಟಿದರೆ ಬೆಳಿಗ್ಗೆ ಗಂಟು ಖಾಲಿ. ಆಳು ಬೇಡ, ಕೋಲು ಬೇಡ. ಕುಟ್ಟಿದಷ್ಟೂ ನೀರು ತಾಗುವ ಮೈ ಹೆಚ್ಚುತ್ತದೆ, ಆದರೆ ಹಿಟ್ಟಿನಂತೆ ನುಣ್ಣಗಾದರೆ ಗಂಟಿನೊಳಗೇ ಹೆಪ್ಪುಗಟ್ಟುತ್ತದೆ. ಅವಸರವಿದ್ದರೆ ಐದಾರು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಬೇಗ ಆಗುತ್ತದೆ. ಪೂರ್ತಿ ಆರುವ ತನಕ ಮಾತ್ರ ಸುಣ್ಣದ ಹತ್ತಿರ ತರಬೇಡಿ. ಕೊಳ್ಳುವಾಗ ಹೊಳೆಯುವ ಕಡುನೀಲಿ ಹರಳನ್ನೇ ಕೇಳಿ. ಹಸಿರು ಛಾಯೆಯದು, ಬಿಳಿಚಿದ ಪುಡಿ, ಅರ್ಧ ಬೆಲೆಗೆ ಕೊಟ್ಟರೂ ನನಗಂತೂ ಬೇಡ.

ಸುಣ್ಣದ ಸ್ವಭಾವ ಇದಕ್ಕೆ ತಿರುಗುಮುರುಗು. ಒಂದು ಲೀಟರ್ ನೀರಿನಲ್ಲಿ ಅದು ಎರಡು ಗ್ರಾಂ ಕೂಡ ಕರಗುವುದಿಲ್ಲ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಹಾಗಾಗಿ ಕರಗಿಸುವ ಹಟ ಬಿಟ್ಟು ನುಣುಪಾದ ಹಾಲು ಮಾಡಿಕೊಳ್ಳಿ. ಸುಟ್ಟ ಸುಣ್ಣದ ಮೇಲೆ ನೀರು ಸ್ವಲ್ಪಸ್ವಲ್ಪವೇ ಚಿಮುಕಿಸಿ. ಕುದಿದು ಸಿಡಿಯುತ್ತದೆ, ಕನ್ನಡಕ ಇಲ್ಲದೆ ಬಗ್ಗಿ ನೋಡಬೇಡಿ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಉಳಿದ 50 ಲೀಟರಿಗೆ ಸೇರಿಸಿ. ನಮ್ಮ ಥಂಡಿ ಗಾಳಿಗೆ ಬಾಯಿ ತೆರೆದ ಚೀಲದ ಸುಣ್ಣ ತಾನೇ ಪುಡಿಯಾಗಿ ಸತ್ತುಹೋಗುತ್ತದೆ. ಗೋಡೆಗೆ ಬಳಿದು ಉಳಿದ ಹಳೆಯ ಸುಣ್ಣವೂ ಅದೇ ಜಾತಿ.

ಬೆರೆಸುವಾಗ ನೀಲಿ ನೀರನ್ನು ಸಣ್ಣ ಧಾರೆಯಾಗಿ ಸುಣ್ಣದ ಹಾಲಿಗೆ ಬಿಡಿ, ಒಬ್ಬರು ಕದಡುತ್ತಿರಲಿ. ಸುಣ್ಣವನ್ನು ನೀಲಿಗೆ ಸುರಿಯಬೇಡಿ, ಕಣ ದಪ್ಪವಾಗಿ ನಾಝಲ್ ಕಟ್ಟುತ್ತದೆ. ತಿಳಿನೀಲಿ ಬಣ್ಣ ಬಂದ ಮೇಲೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತದೆ. ಕೆಂಪು ಹತ್ತದಂತಾಗುವ ತನಕ ಸುಣ್ಣದ ಹಾಲು ಸೇರಿಸಿ.

ಬೆರೆಸಿದ್ದನ್ನು ಅದೇ ದಿನ ಹೊಡೆದು ಮುಗಿಸಿ. ರಾತ್ರಿ ಇಟ್ಟದ್ದು ಎಲೆಗೆ ಸರಿಯಾಗಿ ಅಂಟುವುದಿಲ್ಲ. ನಾಳೆಗೂ ಬೇಕಿದ್ದರೆ ನೀಲಿ ನೀರು, ಸುಣ್ಣದ ಹಾಲು ಬೇರೆಬೇರೆ ಇಟ್ಟುಕೊಳ್ಳಿ. ಡ್ರಮ್ಮನ್ನು ತೋಡಿನಲ್ಲಿ ತೊಳೆಯಬೇಡಿ, ತಾಮ್ರಕ್ಕೆ ಮೀನು ಸಾಯುತ್ತದೆ.